ಹಸಿರು ಬಣ್ಣದ ಕೆಳಗಿನ ಬಿರುಕು

ತಮ್ಮನ ತಿಥಿ ಮುಗಿಸಿಕೊಂಡು ನಾನು ಕಾಲೇಜಿಗೆ ವಾಪಸ್ಸು ಹೋದ ದಿನ ನನಗೆ ಬಂದ ಮೊದಲ ಕ್ಲಾಸು ಬಣ್ಣದ ಪರೀಕ್ಷೆಯದು. ಬೇರೆ ಯಾವುದಾಗಿದ್ದರೂ ಹೇಗೋ ಮುಗಿಸುತ್ತಿದ್ದೆ. ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಂತೆ. ಪ್ರತಿವರ್ಷ ಬರೆಯುತ್ತಿದ್ದ ಮೊದಲ ಸಾಲನ್ನು ಬರೆಯಲು ಕೈ ಏಳಲಿಲ್ಲ. ಆ ಸಾಲು ಇಷ್ಟೇ: ಬಣ್ಣ ಬಳಿದ ಲೋಹದ ಮೇಲೆ ಈ ಪರೀಕ್ಷೆ ನಡೆಯುವುದಿಲ್ಲ.

ಇದು ತೊಂಬತ್ತರ ದಶಕದ ಮಾತು. ನಾನಾಗ ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದೆ. ಶ್ರೀರಂಗಪಟ್ಟಣದಲ್ಲಿ ಬಾಡಿಗೆ ಮನೆ, ಅಲ್ಲಿಂದ ದಿನಾ ಬಸ್ಸು. ಓದಿದ್ದು ಐಟಿಐ, ಅದರ ಮೇಲೊಂದು ಸಣ್ಣ ತರಬೇತಿ. ಲೋಹವನ್ನು ಕೊಯ್ಯದೆ, ಮುರಿಯದೆ, ಅದರಲ್ಲಿ ಬಿರುಕು ಇದೆಯೇ ಎಂದು ಕಂಡುಹಿಡಿಯುವ ಪಾಠವನ್ನು ಮಾಡಬೇಕಾಗಿದ್ದ ಲೆಕ್ಚರರು ಕೆಲಸ ಬಿಟ್ಟುಹೋದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಬರುವವರೆಗೂ ನೀನೇ ನೋಡಿಕೋ ಎಂದರು. ಹಾಗೆ ನೋಡಿಕೊಳ್ಳುತ್ತಲೇ ನಾಲ್ಕು ವರ್ಷ ಕಳೆದಿತ್ತು. ಮುಂದೆ ಇಂಜಿನಿಯರುಗಳಾಗುವ ಮಕ್ಕಳು ನನ್ನನ್ನು ಸಾರ್ ಎನ್ನುತ್ತಿದ್ದರು. ಇಂಗ್ಲಿಷ್ ಪುಸ್ತಕದಲ್ಲಿ ಇದ್ದುದನ್ನು ನಾನು ಕನ್ನಡದಲ್ಲಿ, ಕೈಯಿಂದ ಮಾಡಿ ತೋರಿಸುತ್ತಿದ್ದೆ.

ಬಣ್ಣದ ಪರೀಕ್ಷೆ ಎಂದರೆ ಬಹಳ ದೊಡ್ಡದೇನಲ್ಲ. ಮೂರು ಡಬ್ಬಿ. ಒಂದರಲ್ಲಿ ತೊಳೆಯುವ ದ್ರವ, ಒಂದರಲ್ಲಿ ಕೆಂಪು ಬಣ್ಣ, ಇನ್ನೊಂದರಲ್ಲಿ ಬಿಳಿ ಪುಡಿ. ಕಬ್ಬಿಣವನ್ನು ಚೆನ್ನಾಗಿ ತೊಳೆದು ಒಣಗಿಸಿ ಕೆಂಪು ಹಚ್ಚಬೇಕು. ಹತ್ತು ನಿಮಿಷ ಸುಮ್ಮನೆ ಕಾಯಬೇಕು. ಕೂದಲೆಳೆಯಷ್ಟು ಬಿರುಕಿದ್ದರೂ ಕೆಂಪು ಅದರೊಳಗೆ ಇಳಿಯುತ್ತದೆ; ಮೇಲೆ ಪೇಂಟು ಇದ್ದರೆ ಮಾತ್ರ ಬಿರುಕಿನ ಬಾಯಿ ಮುಚ್ಚಿಹೋಗಿ ಇಳಿಯುವುದಿಲ್ಲ. ಆಮೇಲೆ ಮೇಲಿನದನ್ನೆಲ್ಲ ಒರೆಸಿ ಬಿಳಿಯದನ್ನು ಚಿಮುಕಿಸಿದರೆ, ಒಳಗಿಳಿದ ಕೆಂಪು ಮೇಲೆ ಬಂದು ಗೆರೆಯಾಗಿ ಕಾಣುತ್ತದೆ. ಹುಡುಗರಿಗೆ ಕಲಿಸಲು ಕಷ್ಟವಾಗುತ್ತಿದ್ದುದು ಕಾಯುವುದನ್ನು. ಮೂರನೆಯ ನಿಮಿಷಕ್ಕೇ ‘ಸಾರ್ ಒರೆಸ್ಲಾ’ ಎನ್ನುತ್ತಿದ್ದರು. ‘ಅದಕ್ಕೇನು ನಿಮ್ಮ ಹಾಗೆ ಕ್ಯಾಂಟೀನಿಗೆ ಹೋಗೋ ಅರ್ಜೆಂಟಿಲ್ಲ, ನಿಲ್ಲಿ’ ಎನ್ನುತ್ತಿದ್ದೆ.

ಅಂದು ನಾನು ಬೋರ್ಡಿನ ಕಡೆ ಮುಖ ಮಾಡಿ ನಿಂತೇ ಇದ್ದೆ. ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಮೆಲ್ಲಗೆ, ‘ಸಾರ್, ನೀವು ಕೂತ್ಕೊಳಿ. ನಮಗೆ ಬರುತ್ತೆ, ನಾವೇ ಮಾಡ್ಕೋತೀವಿ’ ಎಂದಳು. ನನ್ನ ಮನೆಯಲ್ಲಿ ಸಾವಾಗಿದೆ ಎಂದು ಅವರಿಗೆ ಗೊತ್ತಿತ್ತು. ಹೇಗೆ ಆಯಿತು ಎಂದು ಗೊತ್ತಿರಲಿಲ್ಲ.

ನಮ್ಮದು ಕುಲುಮೆಯ ಮನೆ. ಕೆ.ಆರ್. ಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯಲ್ಲಿ ತಂದೆ ಗುದ್ದಲಿ, ನೇಗಿಲ ಕುಳ, ಗಾಡಿಪಟ್ಟಿ ಮಾಡಿಕೊಂಡಿದ್ದವರು. ಅವರು ಹೋದಮೇಲೆ ನನಗಿಂತ ಆರು ವರ್ಷಕ್ಕೆ ಚಿಕ್ಕವನಾದ ತಮ್ಮ ಕುಲುಮೆ ಹಿಡಿದ. ಕುಳ ಬಡಿಸಿಕೊಳ್ಳುವವರು ಕಡಿಮೆಯಾದಂತೆ ವೆಲ್ಡಿಂಗ್ ಕಲಿತ. ಕಬ್ಬಿನ ಕಾಲದಲ್ಲಿ ಪಾಂಡವಪುರದ ಕಡೆಯ ಒಂದು ಆಲೆಮನೆಯ ಗಾಣವನ್ನು ಅವನೇ ನೋಡಿಕೊಳ್ಳುತ್ತಿದ್ದ, ಓಡಿಸುತ್ತಲೂ ಇದ್ದ. ಕೈ ಅವನದು ಒಳ್ಳೆಯದು. ನನಗೆ ಪುಸ್ತಕ ನೋಡಿ ಗೊತ್ತಾಗುವುದು ಅವನಿಗೆ ಮುಟ್ಟಿ ಗೊತ್ತಾಗುತ್ತಿತ್ತು. ಆದರೂ ನನ್ನನ್ನು ಕಂಡರೆ ಅವನಿಗೆ ಓದಿದವನು ಎಂಬ ಗೌರವ. ನನ್ನ ಎದುರಿಗೆ ತಮಾಷೆ ಮಾಡುತ್ತಿದ್ದರೂ ಆಲೆಮನೆಯಲ್ಲಿ, ‘ನಮ್ಮಣ್ಣ ಇಂಜಿನಿಯರ್ರಿಗೇ ಪಾಠ ಮಾಡ್ತಾವ್ನೆ’ ಎಂದು ಹೇಳಿಕೊಂಡು ಓಡಾಡುತ್ತಿದ್ದನಂತೆ.

ಆ ವರ್ಷ ಆಯುಧಪೂಜೆಗೆ ಒಂದು ವಾರ ಇರುವಾಗ ಕಾಲೇಜಿಗೆ ಫೋನು ಮಾಡಿಸಿದ. ಗಾಣದ ಗಾಲಿ ಕೂತಿರುವ ಶಾಫ್ಟಿನ ಮೇಲೆ ಅನುಮಾನವಿದೆ, ಡಬ್ಬಿ ತೆಗೆದುಕೊಂಡು ಬಾ, ಪೂಜೆಗೆ ಮುಂಚೆ ಬಂದರೆ ಒಳ್ಳೆಯದು ಎಂದ. ನನಗೆ ಆ ವಾರ ಪರೀಕ್ಷೆಯ ಕೆಲಸವಿತ್ತು. ಬರುತ್ತೇನೆ ಎಂದವನು ಹೋಗಿದ್ದು ಆಯುಧಪೂಜೆಯ ದಿನವೇ, ಅದೂ ಮಧ್ಯಾಹ್ನ.

ಅಷ್ಟರಲ್ಲಿ ಆಲೆಮನೆಯ ಯಜಮಾನರು ಗಾಣಕ್ಕೆಲ್ಲ ಹೊಸದಾಗಿ ಹಸಿರು ಬಣ್ಣ ಹೊಡೆಸಿದ್ದರು. ಪೂಜೆಯೂ ಆಗಿತ್ತು. ಗಾಲಿಗೆ ಬಾಳೆಕಂದು, ಚೆಂಡುಹೂವಿನ ಹಾರ, ಬೂದುಗುಂಬಳ ಒಡೆದ ಕೆಂಪು. ಶಾಫ್ಟಿನ ಮೇಲೂ ವಿಭೂತಿಯ ಪಟ್ಟೆ, ಕುಂಕುಮ. ತಮ್ಮ ಹೊಸ ಪಂಚೆ ಉಟ್ಟುಕೊಂಡು ನಿಂತಿದ್ದ.

‘ಬಾರಪ್ಪಾ ಇಂಜಿನಿಯರ್ರ ಮೇಷ್ಟ್ರೇ! ಕಡುಬು ಮುಗ್ದೋಗೈತೆ, ಕೆಲ್ಸ ಮಾತ್ರ ಐತೆ’ ಎಂದ.

‘ಎಲ್ಲಿಲಾ ನಿನ್ನ ಅನುಮಾನ?’

ಗಾಲಿಗೂ ಬೇರಿಂಗಿಗೂ ನಡುವೆ ಶಾಫ್ಟು ದಪ್ಪದಿಂದ ಸಣ್ಣಕ್ಕೆ ತಿರುಗುವ ಮೂಲೆಯನ್ನು ತೋರಿಸಿದ. ‘ಇಲ್ಲಿ. ಓದ್ ವಾರ ತಟ್ಟಿ ನೋಡ್ದೆ. ಸದ್ದು ಸರಿಯಾಗಿಲ್ಲ ಕಣಣ್ಣ. ಒಡೆದ ಗಡಿಗೆ ತಟ್ಟಿದಂಗೆ ಬೋದು ಬೋದಾಗೈತೆ.’

‘ಗಾಲಿ ಕೂತಿರೋವಾಗ ಸದ್ದು ಹಂಗೇ ಬರೋದು ಕಣ್ಲಾ. ಸದ್ದು ಕೇಳಿ ಹೇಳೋ ಕಾಲ ಅಪ್ಪನ ಜೊತೆ ಹೋಯ್ತು.’

‘ಅದುಕ್ಕೇ ನಿನ್ ಕರ್ಸಿದ್ದು. ಬಳಿ ನಿನ್ ಕುಂಕುಮವ.’

ತೊಳೆಯುವ ದ್ರವವನ್ನು ಬಟ್ಟೆಗೆ ಹಾಕಿ ಆ ಮೂಲೆಯನ್ನು ಒಂದು ಸಲ ಒರೆಸಿದೆ. ಹಸಿ ಹಸಿರು ಬಟ್ಟೆಗೆ ಅಂಟಿಕೊಂಡು ಬಂತು. ವಿಭೂತಿಯೂ ಅಳಿಸಿತು. ದೂರದಲ್ಲಿ ಕೂತಿದ್ದ ಯಜಮಾನರು ಎದ್ದು ನಿಂತರು. ತಮ್ಮ ನನ್ನ ಕೈ ಹಿಡಿದುಕೊಂಡ.

‘ತಡಿ ತಡಿ. ಪೂಜೆ ಕಟ್ಟಿ ಆಗೈತೆ. ಇವತ್ತು ಅದುನ್ನ ಕೆರೀಬಾರ್ದು.’

‘ಬಣ್ಣ ಕೆರೀದೆ ಏನು ನೋಡ್ಲಿ?’

‘ನಾಳಿಕ್ಕೆ ಕೆರಿ. ನಾನೇ ಬೆಳಗ್ಗೆ ಪಂಚೆ ಬಿಚ್ಚಾಕಿ ಉಜ್ಜಿ ಕೊಡ್ತೀನಿ. ಇವತ್ತು ಬ್ಯಾಡ ಕಣಣ್ಣ.’

ನಮ್ಮ ಮನೆಯ ಪದ್ಧತಿಯೂ ಅದೇ. ಪೂಜೆ ಕಟ್ಟಿದ ಕಬ್ಬಿಣಕ್ಕೆ ಮಾರನೆಯ ದಿನ ಪೂಜೆ ಇಳಿಸುವವರೆಗೂ ಅರ, ಉಳಿ, ಸುತ್ತಿಗೆ ಯಾವುದನ್ನೂ ಮುಟ್ಟಿಸುವುದಿಲ್ಲ. ಕುಲುಮೆಯ ಮನೆಯಲ್ಲಿ ಹುಟ್ಟಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಮಾರನೆಯ ದಿನ ನಾನು ನಾಗಮಂಗಲಕ್ಕೆ ಹೋಗಬೇಕಾಗಿತ್ತು. ಹೆಂಡತಿಯ ತವರಿನಲ್ಲಿ ವಿಜಯದಶಮಿಗೆ ಅಳಿಯ ಬರಲಿಲ್ಲ ಎಂದರೆ ವರ್ಷವೆಲ್ಲ ಮಾತು. ಅವಳು ಆಗಲೇ ಹೋಗಿ ಕಾಯುತ್ತಿದ್ದಳು. ಅದರ ಮಾರನೆಯ ದಿನ ಕಾಲೇಜು. ಇನ್ನೊಂದು ಸಲ ಬರಬೇಕಾದರೆ ದೀಪಾವಳಿಯೇ. ಅಷ್ಟರಲ್ಲಿ ಗಾಣ ಶುರುವಾಗಿರುತ್ತದೆ.

ಬಣ್ಣ ಹೊಡೆಯದೆ ಬಿಟ್ಟಿದ್ದ ಜಾಗ ಬೇರಿಂಗಿನ ಪಕ್ಕ ನಾಲ್ಕು ಬೆರಳು ಅಗಲ ಇತ್ತು. ಅಲ್ಲಿ ತೊಳೆದೆ, ಕೆಂಪು ಹಚ್ಚಿದೆ, ಹತ್ತು ನಿಮಿಷ ಕಾದೆ. ತಮ್ಮ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ‘ಪೂಜಾರಪ್ಪನಿಗಿಂತ ನೀನೇ ಜಾಸ್ತಿ ಬಳ್ದೆ ಬುಡು’ ಎಂದು ನಗುತ್ತಿದ್ದ. ಬಿಳಿ ಚಿಮುಕಿಸಿದೆ. ಬಿಳಿಯಾಗಿಯೇ ಉಳಿಯಿತು. ಅವನು ಕಣ್ಣು ಹತ್ತಿರ ತಂದು ನೋಡಿದ. ಆಮೇಲೆ ಆ ಮೂಲೆಯನ್ನು ನೋಡಿದ, ನನ್ನನ್ನು ನೋಡಿದ.

‘ಅಲ್ಲಿ?’

‘ಇಲ್ಲಿಲ್ಲ ಅಂದ್ಮೇಲೆ ಅಲ್ಲೆಲ್ಲಿ ಬರುತ್ತೆ? ಏನೂ ಇಲ್ಲ. ಓಡಿಸು.’

‘ಓಡುಸ್ಲಾ?’

‘ಓಡಿಸು ಅಂದ್ನಲ್ಲ.’

ಅವನು ಮತ್ತೆ ಕೇಳಲಿಲ್ಲ. ಎಲೆ ಅಡಿಕೆ ತಂದುಕೊಟ್ಟ. ನಾನು ನಾಗಮಂಗಲದ ಬಸ್ಸು ಹಿಡಿದೆ.

ಸಂಕ್ರಾಂತಿಗೆ ಎರಡು ವಾರ ಇರುವಾಗ ಶಾಫ್ಟು ಮುರಿಯಿತು. ಗಾಲಿ ಕಳಚಿಕೊಂಡು ಬಂದು ಅವನ ಎದೆಗೆ ಬಡಿಯಿತು. ಪಾಂಡವಪುರದ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಹೋಗಿಬಿಟ್ಟ. ನಾನು ಹೋಗುವಾಗ ಅವನ ಕೈಯಲ್ಲಿ ಇನ್ನೂ ಕಬ್ಬಿನ ಸಿಹಿ ಅಂಟಿತ್ತು, ನೊಣ ಕೂರುತ್ತಿತ್ತು. ನಾನು ನೊಣ ಓಡಿಸುತ್ತಾ ಕೂತಿದ್ದೆ. ಬೇರೇನು ಮಾಡಬೇಕೋ ಗೊತ್ತಾಗಲಿಲ್ಲ.

ಹನ್ನೊಂದನೆಯ ದಿನ ಊರಿನ ಮನೆಯಲ್ಲಿ ಊಟಕ್ಕೆ ಕೂತಾಗ ಆಲೆಮನೆಯ ಯಜಮಾನರು ಎಲೆಯ ಮುಂದೆಯೇ ಹೇಳಿದರು. ‘ಸತ್ತೋನ ಮ್ಯಾಲೆ ಏಳಬಾರ್ದು. ಆದ್ರೂ ಏಳ್ತೀನಿ. ಜಲ್ದಿ ಮುಗುಸ್ಬೇಕು ಅಂತ ಕೈತುಂಬ ಕೈತುಂಬ ಕಬ್ಬು ತುರುಕ್ತಿದ್ದ ಕಣ್ರಪ್ಪ. ಗಾಣ ಕಚ್ಕಬುಡ್ತು. ಮುರೀದೆ ಇನ್ನೇನಾದದು? ಆತುರವೇ ಅವನ್ನ ತಿಂದಾಕ್ತು.’

ಸಾಲಿನಲ್ಲಿ ಕೂತಿದ್ದವರೆಲ್ಲ ಔದು ಔದು ಎಂದರು. ಒಬ್ಬರು ನನ್ನ ಕಡೆ ತಿರುಗಿ, ‘ನೀನೇ ನೋಡಿ ಸರಿಯಾಗೈತೆ ಅಂದಿದ್ದೆಲ್ಲಪ್ಪ?’ ಎಂದರು. ಕೆಣಕುವುದಕ್ಕಲ್ಲ, ಸಾಕ್ಷಿಗೆ. ನಾನು ತಲೆ ಆಡಿಸಿದೆ. ಹೌದು ಎಂದಂತೆ ಆಯಿತು. ತಮ್ಮನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಅನ್ನದ ಬುಟ್ಟಿ ಹಿಡಿದು ನಿಂತಿದ್ದಳು. ಅವಳು ಕೇಳಿಸಿಕೊಂಡಳು. ನನ್ನ ತಲೆ ಆಡಿದ್ದನ್ನೂ ನೋಡಿದಳು.

ಊಟವಾದ ಮೇಲೆ ಯಜಮಾನರು, ಆ ಮುರಿದ ಶನಿಯನ್ನು ಆಲೆಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಗುಜರಿಗೆ ಹಾಕಿಸುತ್ತೇನೆ ಎಂದರು. ನಾನು ಹೋಗಿ, ಮುರಿದ ಎರಡೂ ಕಡೆಯಿಂದ ಒಂದೊಂದು ಗೇಣು ಗರಗಸದಲ್ಲಿ ಕೊಯ್ಸಿಕೊಂಡು ಗೋಣಿಚೀಲಕ್ಕೆ ಹಾಕಿದೆ. ಮುರಿದ ಮುಖಗಳಿಗೆ ಬಟ್ಟೆ ಸುತ್ತಿಸಿದ ಮೇಲೇ ಕೊಯ್ಸಿದ್ದು. ನೋಡಬಾರದು ಎಂದಲ್ಲ. ನೋಡಲು ಆಗಲಿಲ್ಲ.

ಪಾಂಡವಪುರದಲ್ಲಿ ಬಸ್ಸು ಹತ್ತಿದಾಗ ಕಂಡಕ್ಟರು ಚೀಲವನ್ನು ಕಾಲಲ್ಲಿ ನೂಕಿ ನೋಡಿ, ‘ಏನ್ ಗುರು ಇದು, ಎಣ ಇದ್ದಂಗದೆ?’ ಎಂದ.

‘ಕಬ್ಬಿಣ.’

‘ಲಗೇಜು ಆಯ್ತದೆ.’

ಟಿಕೆಟ್ಟು ತೆಗೆದುಕೊಂಡೆ. ಚೀಲವನ್ನು ಲ್ಯಾಬಿನ ಮೇಜಿನ ಕೆಳಗೆ ನೂಕಿ ಅಲ್ಲಿಯೇ ಬಿಟ್ಟೆ.

ಬಟ್ಟೆ ಬಿಚ್ಚಿ ನೋಡುವುದು ಒಂದು ನಿಮಿಷದ ಕೆಲಸ. ನಾನೇ ಕಲಿಸುವ ಪಾಠ ಅದು. ಒಂದೇ ಸಲ ಜೋರು ಬಿದ್ದು ಮುರಿದ ಉಕ್ಕಿನ ಮುಖ ಪೂರ್ತಿ ಒರಟಾಗಿ, ಸಕ್ಕರೆ ಹರಳಿನಂತೆ ಹೊಳೆಯುತ್ತದೆ. ಬಿರುಕು ಬಿಟ್ಟು ದಿನದಿನವೂ ಸ್ವಲ್ಪ ಸ್ವಲ್ಪ ಸೀಳುತ್ತಾ ಬಂದದ್ದಾದರೆ ಆ ಭಾಗ ಉಜ್ಜಿ ಉಜ್ಜಿ ನುಣ್ಣಗಾಗಿರುತ್ತದೆ, ಕಪ್ಪೆಚಿಪ್ಪಿನ ಮೇಲಿರುವಂಥ ಗೆರೆ ಗೆರೆ ಇರುತ್ತದೆ. ಪೂರ್ತಿ ಒರಟಾಗಿದ್ದರೆ ನನ್ನ ತಮ್ಮ ಕಬ್ಬು ತುರುಕಿ ಸತ್ತ. ನುಣ್ಣಗಿದ್ದರೆ ಬಿರುಕು ಮುಂಚಿನಿಂದ ಇತ್ತು, ನಾನು ಅದನ್ನು ಇಲ್ಲ ಎಂದೆ. ಇವೆರಡರ ನಡುವೆ ಮೂರನೆಯದು ಯಾವುದೂ ಇರಲಿಲ್ಲ. ಒಂದು ತಿಂಗಳು ನಾನು ಆ ಮೇಜಿನ ಎದುರಿಗೆ ನಿಂತು ಪಾಠ ಮಾಡಿದೆ. ಕಾಲು ಚೀಲಕ್ಕೆ ತಗುಲಿದರೆ ಎಳೆದುಕೊಳ್ಳುತ್ತಿದ್ದೆ. ನನ್ನ ತಮ್ಮನದೇ ತಪ್ಪಾಗಿರಲಿ ಎಂದು ನಾನು ದಿನವೂ ಬೇಡಿಕೊಳ್ಳುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಬೇಡಿಕೊಂಡದ್ದು ನಿಜ.

ನಡುವೆ ಒಂದು ಭಾನುವಾರ ಊರಿಗೆ ಹೋದೆ. ನಮ್ಮ ಕಡೆ ತಮ್ಮನ ಹೆಂಡತಿ ಗಂಡನ ಅಣ್ಣನ ಎದುರಿಗೆ ಬಂದು ಕೂರುವುದಿಲ್ಲ. ಬಾಗಿಲ ಮರೆಯಲ್ಲಿ ನಿಂತು ಮಾತಾಡುತ್ತಾಳೆ. ನಾನು ಜಗಲಿಯ ಮೇಲೆ, ಅವಳು ಒಳಗೆ. ಕುಲುಮೆಯ ಸಾಮಾನೆಲ್ಲ ಅಂಗಳದ ಮೂಲೆಯಲ್ಲಿ ರಾಶಿ ಬಿದ್ದಿತ್ತು.

‘ಇದ್ಯಾಕವ್ವ ಈಚೆಗೆ ಹಾಕಿದ್ದೀಯ?’

‘ಗುಜರಿಯೋರು ಬತ್ತೀನಿ ಅಂದವ್ರೆ ಬಾವ.’

‘ಅಪ್ಪನ ಕಾಲದ್ದೂ ಇದೆಯಲ್ಲವ್ವ ಇದರಲ್ಲಿ.’

‘ಇರ್ಲಿ ಬುಡಿ. ಅವ್ರಿಗೇ ಬ್ಯಾಡದೇ ಇದ್ದುದ್ದು ನಂಗ್ಯಾಕೆ?’ ಆಮೇಲೆ ತಡೆಯಲಾರದೆ ಆಡಿದಳು. ‘ಅಂಗೆ ತುರುಕೋಕೆ ಏನ್ ಬಂದಿತ್ತು ಬಾವ ಅವ್ರಿಗೆ? ಯಾರ್ ಅಟ್ಟಿಸ್ಕಂಡು ಬತ್ತಿದ್ರು? ಅವತ್ತು ಬೆಳಗ್ಗೆ ರೊಟ್ಟಿ ತಿನ್ನಿ ಅಂದ್ರೂ ತಿನ್ನದೆ ಓದ್ರು. ನಾನು ಇರೋದೇ ಗ್ಯಾಪ್ಕ ಬರ್ನಿಲ್ವಾ? ಎಲ್ರೂ ಬಂದು ಅಳು ಅಳು ಅಂತಾರೆ. ನಂಗೆ ಸಿಟ್ಟು ಬತ್ತದೆ, ಅಳ ಬರಾಕಿಲ್ಲ.’

ಅವಳ ದನಿಯಲ್ಲಿ ನಿಜವಾಗಿಯೂ ಅಳು ಇರಲಿಲ್ಲ. ಒಣಗಿ ಗಟ್ಟಿಯಾದ ದನಿ. ನನ್ನ ನಾಲಿಗೆಯ ಮೇಲೆ ಮಾತು ಬಂದು ನಿಂತಿತ್ತು. ಇನ್ನೂ ನೋಡಿಲ್ಲವಲ್ಲ, ನೋಡದೆ ಏನು ಹೇಳುವುದು ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಅವಳು ಕೊಟ್ಟ ಕಾಫಿ ಕುಡಿದು ಎದ್ದು ಬಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ: ಸತ್ತವನಿಗೆ ಹೆಂಡತಿಯ ಅಳುವೂ ಸಿಗದ ಹಾಗೆ ಮಾಡಿದ್ದೇನೆ.

ಕೊನೆಗೂ ಬಟ್ಟೆ ಬಿಚ್ಚಿದ್ದು ನಾನಲ್ಲ.

ಅಂದು ವೆಲ್ಡಿಂಗಿನ ತುಂಡುಗಳ ಮೇಲೆ ಪರೀಕ್ಷೆ ಮಾಡಿಸಬೇಕಾಗಿತ್ತು. ಆಫೀಸಿನಿಂದ ಕರೆ ಬಂತು. ಮೇಜಿನ ಕೆಳಗಿನ ಚೀಲದಲ್ಲಿ ತುಂಡುಗಳಿವೆ, ತೆಗೆದು ಜೋಡಿಸಿಕೊಳ್ಳಿ ಎಂದು ಹುಡುಗರಿಗೆ ಹೇಳಿ ಹೋದೆ. ಅಲ್ಲಿ ಎರಡು ಚೀಲ ಇದ್ದವು ಎಂಬುದು ಮರೆತಿತ್ತೋ ಏನೋ. ಮರೆತಿರಲಿಲ್ಲ ಎಂದೂ ಈಗ ಒಂದೊಂದು ಸಲ ಅನಿಸುತ್ತದೆ. ವಾಪಸ್ಸು ಬಂದಾಗ ಹತ್ತು ತಲೆಗಳು ಮೇಜಿನ ಮೇಲೆ ಬಗ್ಗಿದ್ದವು.

‘ಸಾರ್, ಸೂಪರ್ ಪೀಸು!’ ಎಂದ ಮೈಸೂರಿನ ಮಾತುಗಾರ ಹುಡುಗ. ‘ಇಷ್ಟು ದಿನ ಯಾಕ್ ಸಾರ್ ಬಚ್ಚಿಟ್ಟಿದ್ರಿ?’

‘ಇದು ಗಾಣದ್ದಲ್ವಾ ಸಾರ್?’ ಎಂದಳು ಅವತ್ತು ನನ್ನನ್ನು ಕೂತುಕೊಳ್ಳಿ ಎಂದಿದ್ದ ಹುಡುಗಿ. ಅವಳು ಪಾಂಡವಪುರದ ಕಡೆಯವಳು, ಮನೆಯಲ್ಲಿ ಕಬ್ಬು ಬೆಳೆಯುತ್ತಿದ್ದರು. ‘ಅಪ್ಪನ ಜೊತೆ ಗಾಡೀಲಿ ಹೋದಾಗ ನೋಡಿದ್ದೀನಿ.’

ಎರಡು ತುಂಡುಗಳೂ ಮುಖ ಮೇಲಾಗಿ ನಿಂತಿದ್ದವು. ನಾನು ದೂರದಲ್ಲೇ ನಿಂತೆ. ಬೇರೆ ಏನೂ ತೋಚದೆ, ಅಭ್ಯಾಸಬಲದಿಂದ ಕೇಳಿದೆ. ‘ಹೇಳಿ. ಏನು ಕಾಣುತ್ತೆ?’

‘ಇಲ್ಲಿಂದ ಶುರು ಸಾರ್. ಈ ಮೂಲೆಯಿಂದ’ ಎಂದಳು ಹುಡುಗಿ.

‘ಹೇಗೆ ಹೇಳ್ತೀಯಾ?’

‘ನುಣ್ಣಗಿದೆ. ಗೆರೆ ಗೆರೆ ಇದೆ. ನೀವೇ ಹೇಳಿದ್ರಲ್ಲ, ಕಪ್ಪೆಚಿಪ್ಪು ಅಂತ. ಅರ್ಧಕ್ಕಿಂತ ಜಾಸ್ತಿ ಹಂಗೇ ಇದೆ. ಉಳಿದಿದ್ದು ಮಾತ್ರ ಆಮೇಲೆ ಒಂದೇ ಸಲ ಮುರಿದಿದೆ.’

‘ಒಂದು ವೇಳೆ’ ಎಂದೆ. ‘ಒಂದು ವೇಳೆ ಗಾಣಕ್ಕೆ ಕಬ್ಬು ಜಾಸ್ತಿ ತುರುಕಿದ್ದಕ್ಕೆ ಮುರಿದಿದ್ದರೆ?’

‘ಇಲ್ಲ ಸಾರ್, ಆಗ ಪೂರ್ತಿ ಒರಟಾಗಿರಬೇಕಿತ್ತು. ಇದು ತುರುಕಿದ್ರೂ ಹೋಗ್ತಿತ್ತು, ತುರುಕದೇ ಇದ್ರೂ ಹೋಗ್ತಿತ್ತು. ಅವತ್ತು ಮುಂದೆ ಯಾರ್ ನಿಂತಿದ್ರೋ ಪಾಪ.’

ಮಾತುಗಾರ ಹುಡುಗ ಭೂತಗನ್ನಡಿ ಹಿಡಿದು ಬಗ್ಗಿದ್ದ. ‘ಸಾರ್, ಇಲ್ಲಿ ನೋಡಿ. ಅಂಚಿನಲ್ಲಿ ಹಸಿರು. ಪೇಂಟು ಬಿರುಕಿನ ಒಳಕ್ಕೆ ಇಳಿದಿದೆ. ಅಂದ್ರೆ ಪೇಂಟ್ ಹೊಡೆಯೋಕೆ ಮುಂಚೆನೇ ಬಾಯಿ ಬಿಟ್ಟಿತ್ತು.’

‘ಎಷ್ಟು ಒಳಗೆ ಹೋಗಿದೆ?’

ಅವನು ಅಳತೆಯ ಪಟ್ಟಿ ಇಟ್ಟು ನೋಡಿ, ಆಮೇಲೆ ತನ್ನ ಹೆಬ್ಬೆರಳನ್ನು ಪಕ್ಕಕ್ಕಿಟ್ಟು ತೋರಿಸಿದ. ‘ನನ್ನ ಉಗುರಿನಷ್ಟು.’

‘ಯಾರೂ ಟೆಸ್ಟ್ ಮಾಡಿರಲಿಲ್ವಾ?’ ಎಂದು ಇನ್ನೊಬ್ಬ ಕೇಳಿದ.

‘ಮಾಡಿದ್ರೂ ಪೇಂಟ್ ಕೆರೀದೆ ಮಾಡಿರ್ತಾನೆ ಬಿಡೋ ಯಾವನೋ ಪುಣ್ಯಾತ್ಮ. ನಮ್ ಸಾರ್ ಹತ್ರ ಪಾಠ ಹೇಳಿಸ್ಕೊಂಡೋನಂತೂ ಅಲ್ಲ.’

ಎಲ್ಲರೂ ನಕ್ಕರು. ನನ್ನನ್ನು ಹೊಗಳಲು ಆಡಿದ ಮಾತು ಅದು. ಒಂದು ತಿಂಗಳಿಂದ ನಾನು ನೋಡಲಾರದೆ ಇದ್ದುದನ್ನು ಈ ಮಕ್ಕಳು ಕಾಲು ಗಂಟೆಯಲ್ಲಿ, ನಾನು ಹೇಳಿಕೊಟ್ಟಂತೆಯೇ, ಒಂದೂ ತಪ್ಪಿಲ್ಲದೆ ಓದಿಬಿಟ್ಟಿದ್ದರು. ಪಾಠ ಅಷ್ಟು ಚೆನ್ನಾಗಿ ಕಲಿಸಿದ್ದೆ.

‘ರೆಕಾರ್ಡಿನಲ್ಲಿ ಬರೀರಿ’ ಎಂದೆ.

ಬರೆದರು. ಮುಂದಿನ ವಾರ ಹತ್ತು ರೆಕಾರ್ಡು ಪುಸ್ತಕಗಳು ನನ್ನ ಮೇಜಿಗೆ ಬಂದವು. ಹತ್ತರಲ್ಲೂ ಕೊನೆಯ ಸಾಲು ಹೆಚ್ಚುಕಡಿಮೆ ಒಂದೇ: ಬಣ್ಣ ತೆಗೆದು ಪರೀಕ್ಷಿಸಿದ್ದರೆ ಈ ಅಪಘಾತ ಆಗುತ್ತಿರಲಿಲ್ಲ. ಅದರ ಕೆಳಗೆ ನಾನು ಸಹಿ ಮಾಡಬೇಕು. ಒಂದೊಂದಕ್ಕೂ ಮಾಡಿದೆ. ಎಂಟನೆಯದರ ಹೊತ್ತಿಗೆ ನನ್ನ ಹೆಸರು ಯಾರದೋ ಹೆಸರಿನಂತೆ ಕಾಣತೊಡಗಿತು.

ಆ ಭಾನುವಾರ ಹೆಂಡತಿಗೆ ಹೇಳಿದೆ. ‘ಅವತ್ತು ನಾನೇ ಬಾ ಬಾ ಅಂತ ಕಾಡಿದ್ದು’ ಎಂದಳು. ಇನ್ನೊಬ್ಬರು ಪಾಲು ಹಂಚಿಕೊಳ್ಳಲು ಬಂದದ್ದು ನನಗೆ ಇನ್ನೂ ಹಿಂಸೆಯಾಯಿತು. ‘ಕೆರೀಬೇಕು ಅಂತ ಗೊತ್ತಿದ್ದದ್ದು ನನಗೆ, ನಿನಗಲ್ಲ’ ಎಂದು ಹೇಳಿ ಸಂತೆಬಾಚಹಳ್ಳಿಗೆ ಹೊರಟೆ.

ಜಗಲಿಯ ಮೇಲೆ ಕೂತು, ಬಾಗಿಲ ಕಡೆ ನೋಡದೆ, ಮೊದಲಿಂದ ಕೊನೆಯವರೆಗೂ ಹೇಳಿದೆ. ಅವನು ತಟ್ಟಿ ನೋಡಿದ್ದು, ಸದ್ದು ಸರಿಯಿಲ್ಲ ಎಂದದ್ದು, ನಾಳೆ ಉಜ್ಜಿ ಕೊಡುತ್ತೇನೆ ಎಂದದ್ದು, ಅಲ್ಲಿ ಎಂದು ಕೇಳಿದ್ದು, ನಾನು ಓಡಿಸು ಎಂದದ್ದು. ಹಸಿರು ಬಣ್ಣ ಬಿರುಕಿನೊಳಗೆ ಇದ್ದದ್ದು. ಒಳಗೆ ಬಳೆಯ ಸದ್ದೂ ಇಲ್ಲ. ಅವಳು ಅಲ್ಲಿದ್ದಾಳೋ ಹೋದಳೋ ಎಂದು ಅನುಮಾನವಾಯಿತು.

‘ಅಂಗಾರೆ ಅವ್ರು ತುರುಕ್ನಿಲ್ವಾ ಬಾವ?’

‘ತುರುಕಿರಬಹುದು ಕಣವ್ವ. ಗೊತ್ತಿಲ್ಲ. ಅದರಿಂದ ಮುರೀಲಿಲ್ಲ. ಅವನು ತಪ್ಪು ಮಾಡಲಿಲ್ಲ. ತಪ್ಪು ಮಾಡಿದ್ದು ನಾನು.’

ಅವಳು ಮರೆಯಿಂದ ಈಚೆ ಬಂದಳು. ಮದುವೆಯಾಗಿ ಬಂದ ಮೇಲೆ ಅವಳು ನನ್ನ ಎದುರಿಗೆ ಮುಖ ಕೊಟ್ಟು ನಿಂತದ್ದು ಅದೇ ಮೊದಲು. ಬಯ್ಯುತ್ತಾಳೆ ಎಂದುಕೊಂಡೆ. ಬಯ್ದಿದ್ದರೆ ಚೆನ್ನಾಗಿತ್ತು.

‘ಇದ್ನ ನಂಗೇಳುದ್ರೆ ಸಾಲ್ದು’ ಎಂದಳು. ‘ಅವತ್ತು ಎಲೆ ಮುಂದೆ ಕುಂತ್ಕಂಡು ಎಲ್ರೂ ಅವ್ರನ್ನ ಅಂದ್ರಲ್ಲ. ನೀವು ತಲೆ ಆಡುಸಿದ್ರಲ್ಲ. ಅಷ್ಟು ಜನಕ್ಕೂ ಏಳ್ಬೇಕು. ಏಳ್ಬುಟ್ಟು ಬಂದು ನಂಗೇಳಿ.’

‘ಆಯ್ತವ್ವ.’

‘ಅಲ್ಲೀಗಂಟ ಈ ಬಾಗ್ಲಿಗೆ ಬರಬ್ಯಾಡಿ.’

ಮಾರನೆಯ ದಿನ ರಜೆ ಹಾಕಿ ಪಾಂಡವಪುರಕ್ಕೆ ಹೋದೆ. ಆಲೆಮನೆಯಲ್ಲಿ ಹೊಸ ಶಾಫ್ಟು ಹಾಕಿ ಗಾಣ ಓಡುತ್ತಿತ್ತು. ಕೊಪ್ಪರಿಗೆಯ ಹಬೆ, ಸಿಪ್ಪೆ ಒಣಗಿಸುವವರು, ಬೆಲ್ಲ ಅಚ್ಚಿಗೆ ಹುಯ್ಯುವವರು, ಗಾಡಿ ತಂದ ರೈತರು. ಯಜಮಾನರು ನನ್ನನ್ನು ಕಂಡು ಮರ್ಯಾದೆಯಿಂದ ಕೂರಿಸಿದರು. ಎಲೆಯ ಮೇಲೆ ಬಿಸಿ ಬೆಲ್ಲ ತರಿಸಿದರು. ನಾನು ಮುಟ್ಟಲಿಲ್ಲ.

‘ಗಾಣ ಸ್ವಲ್ಪ ನಿಲ್ಲಿಸಿ’ ಎಂದೆ.

‘ಅದ್ಯಾಕಪ್ಪ?’

‘ಒಂದು ಮಾತು ಹೇಳಬೇಕು. ಎಲ್ಲರಿಗೂ ಕೇಳಿಸಬೇಕು.’

ನಿಲ್ಲಿಸಿದರು. ಬೆಲ್ಟು ಓಡುವ ಸದ್ದು ನಿಂತ ಮೇಲೆ ನನ್ನ ದನಿ ನನಗೇ ವಿಪರೀತ ದೊಡ್ಡದಾಗಿ ಕೇಳಿಸಿತು. ನಾನು ಜನರ ಮುಂದೆ ಮಾತಾಡುವವನಲ್ಲ. ಕ್ಲಾಸಿನಲ್ಲಿ ಮಾತಾಡಿದಂತೆಯೇ ಆಡಿದೆ. ಶಾಫ್ಟು ಎಲ್ಲಿ ಸೀಳಿತ್ತು, ಎಷ್ಟು ದಿನದಿಂದ ಸೀಳಿತ್ತು, ಅದು ಹೇಗೆ ಗೊತ್ತಾಗುತ್ತದೆ, ಪೂಜೆಯ ದಿನ ನಾನು ಏನು ಮಾಡಬೇಕಾಗಿತ್ತು, ಏನು ಮಾಡಿದೆ. ತುರುಕಿದ್ದರಿಂದ ಮುರಿದದ್ದಲ್ಲ ಎಂಬುದನ್ನು ಎರಡು ಸಲ ಹೇಳಿದೆ.

ಯಜಮಾನರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ‘ಆಗೋದು ಆಗೋಯ್ತು ಬುಡಪ್ಪ. ಈಗ್ಯಾಕೆ ಅದುನ್ನೆಲ್ಲ ಕೆದಕ್ತೀಯ? ಬಣ್ಣ ಒಡ್ಸಿದ್ದು ನಾನು, ಕೆರೀಬ್ಯಾಡ ಅಂದದ್ದು ಅವ್ನು. ಯಾರ್ದು ಅಂತ ಏಳೋದು?’

‘ನೀವು ಎಲೆ ಮುಂದೆ ಅವನದು ಅಂದ್ರಿ.’

ಅವರು ನೆಲ ನೋಡಿದರು. ಕೊಪ್ಪರಿಗೆಯ ಹತ್ತಿರ ನಿಂತಿದ್ದ ಮುದುಕನೊಬ್ಬ ಗಟ್ಟಿಯಾಗಿ, ‘ನೀನು ನೋಡಿ ಸರಿಯಾಗೈತೆ ಅಂದ್ಮೇಲೇ ಕಣಪ್ಪ ನಾವೆಲ್ಲ ಅದರ ಪಕ್ದಲ್ಲಿ ಕೆಲ್ಸ ಮಾಡಿದ್ದು’ ಎಂದ. ‘ಅವತ್ತು ಅವನು. ನಾವ್ಯಾರಾದ್ರೂ ಆಗ್ಬೋದಿತ್ತು.’

‘ಹೌದು’ ಎಂದೆ.

‘ಆಯ್ತು. ಅವ್ನು ತುರುಕಿ ಸತ್ತ ಅಂತ ಇನ್ನು ನಾವು ಅನ್ನಾಕಿಲ್ಲ’ ಎಂದ ಮುದುಕ, ಎಲ್ಲರ ಪರವಾಗಿ. ಯಜಮಾನರೂ ತಲೆ ಆಡಿಸಿದರು. ಯಾರೋ ‘ಓಡುಸ್ಲಾ’ ಎಂದು ಕೇಳಿದರು. ನಾನು ಅಲ್ಲಿಂದ ಎದ್ದೆ.

ಊಟಕ್ಕೆ ಕೂತಿದ್ದ ಉಳಿದವರು ನಮ್ಮ ಊರಿನವರೇ. ಬುಧವಾರ, ಗುರುವಾರ ಒಬ್ಬೊಬ್ಬರ ಮನೆಗೆ ಹೋಗಿ ಹೇಳಿದೆ. ಒಬ್ಬರು ಬಾಗಿಲಲ್ಲೇ ನಿಲ್ಲಿಸಿ ಕೇಳಿದರು, ಒಬ್ಬರು ಸಮಾಧಾನ ಮಾಡಿದರು, ಒಬ್ಬರು ಮುಖ ತಿರುಗಿಸಿಕೊಂಡು ದನದ ಕೊಟ್ಟಿಗೆಗೆ ಹೋದರು. ಎಲ್ಲ ಮುಗಿಸಿ, ಇಳಿಹೊತ್ತಿನಲ್ಲಿ ತಮ್ಮನ ಮನೆಗೆ ಬಂದೆ. ಜಗಲಿ ಹತ್ತಲಿಲ್ಲ. ಬೀದಿಯಲ್ಲೇ ನಿಂತೆ.

ಅವಳು ಬಾಗಿಲಿಗೆ ಬಂದಳು.

‘ಏಳುದ್ರಾ?’

‘ಹೇಳಿದೆ.’

‘ಎಲ್ರಿಗೂ?’

‘ಎಲ್ಲರಿಗೂ ಕಣವ್ವ.’

‘ಏನಂದ್ರು?’

‘ಅವನದು ತಪ್ಪಿಲ್ಲ ಅಂದ್ರು.’

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಗುಳಿ ಬಿದ್ದ ಸದ್ದು ಕೇಳಿತು. ಅದರ ಹಿಂದೆಯೇ ಅವಳ ಅಳು. ನಾನು ಅಂಥ ಅಳುವನ್ನು ಅವನ ಹೆಣದ ಮುಂದೆಯೂ ಕೇಳಿರಲಿಲ್ಲ. ನನ್ನ ಒಡೆಯ, ನನ್ನ ಒಡೆಯ ಎಂದು ಕೂಗುತ್ತಾ ನೆಲ ಬಡಿಯುತ್ತಿದ್ದಳು. ಒಳಗೆ ಹೋಗುವ ಅಧಿಕಾರ ನನಗಿರಲಿಲ್ಲ, ಬಿಟ್ಟು ಹೋಗಲೂ ಕಾಲು ಬರಲಿಲ್ಲ.

ಎದುರು ಮನೆಯ ಮುದುಕಿ ಕೈಯಲ್ಲಿ ಮೊರ ಹಿಡಿದುಕೊಂಡೇ ಓಡಿಬಂದಳು. ವಯಸ್ಸಾಗಿ ಕಣ್ಣು ಮಂಜಾಗಿತ್ತು, ನಾನು ಯಾರೆಂದು ಗುರುತು ಹತ್ತಲಿಲ್ಲ.

‘ಯಾರಪ್ಪಾ, ಯಾರು ಸತ್ರು?’ ಎಂದಳು.

‘ನನ್ನ ತಮ್ಮ’ ಎಂದೆ.